ಕರೆಂಟು ಇಲ್ಲ

ಶೆಡ್ಡಿನ ತಗಡಿನ ಕೆಳಗೆ ಎಂಟು ತಿಂಗಳು.
ಹೊದೆಸಿದ ಹಳೆ ಬೆಡ್‌ಶೀಟಿನ ಮೇಲೆ
ಬೆಕ್ಕು ಹೆತ್ತದ್ದೂ ಆಯಿತು, ಮರಿಗಳು ಬೇರೆ ಮನೆ ಹಿಡಿದದ್ದೂ ಆಯಿತು.
ಮೊಂತಿ ಫೆಸ್ತಿಗೆ ಹೊಸ ಅಕ್ಕಿ ಉಂಡೆವು,
ಕ್ರಿಸ್ಮಸ್ಸಿನ ನಕ್ಷತ್ರ ಕಟ್ಟಿ, ಇಳಿಸಿ, ಅಟ್ಟಕ್ಕೆ ಹಾಕಿದೆವು.
ನಾನು ಶೆಡ್ಡಿನ ಕಡೆ ನೋಡದೆ ಬಟ್ಟೆ ಒಣಗಿಸಲು ಕಲಿತೆ,
ಬೆಳಿಗ್ಗೆ ಸ್ಟೇಟ್ ಬ್ಯಾಂಕಿನ ಬಸ್ಸಿನಲ್ಲಿ
ಕಂಡಕ್ಟರನ 'ಪಿರ ಪೋಲೆ, ಪಿರ ಪೋಲೆ'ಗೆ
ಹಿಂದೆ ಹಿಂದೆ ಸರಿಯಲು ಕಲಿತೆ.

ಇವತ್ತು ಭಾನುವಾರ. ಪೂಜೆ ಮುಗಿಸಿ ಬಂದವಳು
ಸೀರೆ ಬಿಚ್ಚಿಟ್ಟು, ಅಣ್ಣನ ಹಳೆ ಪ್ಯಾಂಟು ಏರಿಸಿ
ಬೆಡ್‌ಶೀಟು ಎಳೆದೆ.

ಕೀಲಿ ತಿರುಗಿತು. ತಿರುಗಿತು, ಅಷ್ಟೇ.
ಸೆಲ್ಫ್ ಒತ್ತಿದರೆ ಟಿಕ್ ಅಂತಲೂ ಇಲ್ಲ.
ಬ್ಯಾಟರಿ ಸತ್ತದ್ದು ಗೊತ್ತಿದ್ದ ವಿಷಯ;
ಕಿಕ್ ಹೊಡೆದೆ. ಹತ್ತು. ಹದಿನೈದು.
ಇಪ್ಪತ್ತಕ್ಕೆ, ಕೂಡಿಕೊಂಡ ಹೆಗಲ ಮೂಳೆ
ತಾನೂ ಇದ್ದೇನೆಂದಿತು.

ಬೇಲಿಯಾಚೆಯಿಂದ ಗುಲಾಬಿಯಕ್ಕ:
"ಗುಜರಿಗೆ ಕೊಡು ಮಾರಾಯ್ತಿ. ನಮಗೆಲ್ಲ ಸ್ಕೂಟಿ ಉಂಟಲ್ಲ."
ಅವರ ಸ್ಕೂಟಿಗೆ ಕನ್ನಡಿ ಇರುವುದು
ಹಣೆಯ ಬೊಟ್ಟು ನೇರ ಮಾಡಲಿಕ್ಕೆ.

ಪೆಟ್ರೋಲು ಮೊದಲು. ಮುಚ್ಚಳ ತೆಗೆದರೆ
ಹಳೆ ವಾರ್ನಿಶಿನ ವಾಸನೆ.
ಬಾಟಲಿಗೆ ಇಳಿಸಿದೆ: ಕಣ್ಣ ಚಾಯದ ಬಣ್ಣ, ತಳದಲ್ಲಿ ತುಕ್ಕಿನ ಹುಡಿ.
ಬಂಕಿಗೆ ನಡೆದು ಹೋಗಿ ಒಂದು ಲೀಟರು ತಂದೆ.
ಕಾರ್ಬೊರೇಟರು ಬಿಚ್ಚಿದೆ. ಜೆಟ್ಟಿನ ತೂತಿಗೆ
ಹಿಡಿಸೂಡಿ ಕಡ್ಡಿ ದಪ್ಪವಾಯಿತು,
ಲ್ಯಾಬಿನ ಸಿರಿಂಜಿನ ಸೂಜಿ ಸರಿಯಾಯಿತು.
ಇಪ್ಪತ್ತು ವರ್ಷ ಮನುಷ್ಯರ ನರ ಹುಡುಕಿದ ಕೈಗೆ
ಇದರದ್ದು ಸಿಕ್ಕದೆ ಇರುತ್ತದಾ?

ಏರ್ ಫಿಲ್ಟರಿನೊಳಗೆ ಕಣಜ ಕಟ್ಟಿದ ಮಣ್ಣಿನ ಮನೆ,
ಕೋಣೆ ತುಂಬ ಜೇಡಗಳು, ಕಾಲು ಮಡಚಿ, ಮಕ್ಕಳ ಊಟಕ್ಕೆಂದು.
ಒಡೆಯುವ ಮೊದಲು ಸ್ವಲ್ಪ ನಿಂತೆ.
ಒಡೆದೆ.

ಪ್ಲಗ್ಗು ಕರಿ ಕಟ್ಟಿತ್ತು.
ಉಜ್ಜಿ, ಇಂಜಿನಿಗೆ ತಾಗಿಸಿ ಹಿಡಿದು, ಕಿಕ್ ಹೊಡೆದು
ಬಗ್ಗಿ ನೋಡಿದರೆ ನೀಲಿ ಕಿಡಿ ಇಲ್ಲ.
ಹೊಸ ಪ್ಲಗ್ಗಿಗೂ ಇಲ್ಲ.

ಪಡೀಲಿನ ಮೊಯ್ದಿನಬ್ಬರಿಗೆ ಫೋನು ಮಾಡಿದೆ.
ಹಿಂದೆ ಯಾರದೋ ಮದುವೆಯ ಗಲಾಟೆ, ತಟ್ಟೆಗಳ ಸದ್ದು.
"ಪೆಟ್ರೋಲು?"
"ಹೊಸತು."
"ಕಾರ್ಬೊರೇಟರು?"
"ತೊಳೆದೆ. ಕರೆಂಟೇ ಇಲ್ಲ, ಮೊಯ್ದಿನಬ್ಬ."
ಒಂದು ತುತ್ತು ನುಂಗುವಷ್ಟು ಹೊತ್ತು.
"ಬಾಯಮ್ಮ, ಬಲಗೈ ಹತ್ತಿರ ಕೆಂಪು ಸ್ವಿಚ್ಚು ಉಂಟಲ್ಲ,
ಅದು ಎಂತ ಹೇಳ್ತದೆ ನೋಡಿ."

ಆಫ್.

ನಾನು ಅದನ್ನು ಮುಟ್ಟಿದವಳೇ ಅಲ್ಲ.
ಏಳು ವರ್ಷ ಕೀಲಿಯಿಂದಲೇ ಆರಿಸಿದವಳು.

ಹಾಗಾದರೆ ಅವತ್ತು,
ನಂತೂರು ಸರ್ಕಲ್ಲಿನಲ್ಲಿ, ಜೂನಿನ ಮೊದಲ ಹನಿಗೆ
ಡೀಸೆಲ್ಲು ಬಣ್ಣ ಬಣ್ಣವಾಗಿ ಹರಡಿ
ನಾನು ರಸ್ತೆಗೆ ಕೆನ್ನೆ ಕೊಟ್ಟು ಮಲಗಿದ್ದಾಗ,
ಬೈಕು ಅಡ್ಡ ಬಿದ್ದು, ಚಕ್ರ ಗಾಳಿಯಲ್ಲಿ ತಿರುಗಿ, ಕಿರುಚುತ್ತಿದ್ದಾಗ,
ಎಲ್ಲರೂ ನನ್ನ ಕಡೆ ಓಡಿ ಬಂದರಲ್ಲ,
ಯಾರೋ ಒಬ್ಬರು
ಅದರ ಕಡೆ ಹೋಗಿದ್ದಾರೆ.
ಬಗ್ಗಿ, ಹೆಬ್ಬೆರಳಿನಿಂದ ಒಮ್ಮೆ ಒತ್ತಿದ್ದಾರೆ.
ಆಗ ಬಿದ್ದ ಮೌನ ನನಗೆ ನೆನಪುಂಟು.
ಸತ್ತೆ ಅಂತಲೇ ಎಣಿಸಿದ್ದೆ.

ಗಂಡಸೋ ಹೆಂಗಸೋ, ಬಸ್ಸು ತಪ್ಪಿತೋ ಏನೋ ಅವರಿಗೆ.
ಆ ಸಂಜೆ ಮನೆಗೆ ಹೋಗಿ
ಇದನ್ನು ಹೇಳಿಕೊಂಡಿರಲಿಕ್ಕೂ ಇಲ್ಲ.

ಎಂಟು ತಿಂಗಳ ಧೂಳಿನ ಮೇಲೆ ನನ್ನ ಹೆಬ್ಬೆರಳು.
ಮೂರನೇ ಕಿಕ್ಕಿಗೆ ಕೆಮ್ಮಿತು. ಐದಕ್ಕೆ ಹಿಡಿಯಿತು.
ಬಿಳಿ ಹೊಗೆ, ಬೆಕ್ಕು ಗೋಡೆ ಹತ್ತಿತು,
ಗುಲಾಬಿಯಕ್ಕ ಬೈಯುತ್ತಾ ಬಟ್ಟೆ ಒಳಗೆ ತೆಗೆದರು.

ನಾಳೆ ಕೆಲಸಕ್ಕೆ ಇದರಲ್ಲಾ?
ಗೊತ್ತಿಲ್ಲ.
ಬಸ್ಸಿಗೆಂದು ಜೋಡಿಸಿಟ್ಟ ಚಿಲ್ಲರೆ
ಡಬ್ಬಿಯಲ್ಲಿ ಇನ್ನೂ ಒಂದು ವಾರದ್ದುಂಟು.