ಎರಡನೆಯ ಗುಂಡಿ

ದೋಣಿ ಎಂದು ನಮ್ಮೂರಿನ ಹೆಸರಿನ ಅರ್ಥ. ವುಚ್.
ನದಿ ಮಾತ್ರ ಕಾಣುವುದಿಲ್ಲ;
ಬೀದಿಯ ಕೆಳಗೆ, ಕೋಟಿನ ಅಸ್ತರಿನ ಹಾಗೆ,
ಒಳಗೊಳಗೇ ಹರಿಯುತ್ತದೆ.
ಗಿರಣಿ ಮುಚ್ಚಿ ಎಷ್ಟೋ ವರ್ಷ.
ಮಗ್ಗಗಳಿದ್ದ ಮೂರನೆಯ ಅಂತಸ್ತಿನಲ್ಲೀಗ
ಗುರುವಾರ ಸಂಜೆ ಚಿತ್ರದ ಪಾಠ:
ಹೊಸಬರಿಗೆ. ಬರೀ ಪೆನ್ಸಿಲ್ಲು.

ನಾನು ತೆಯೋಫಿಲಾ. ಎಪ್ಪತ್ತೊಂದು.
ಇದೇ ಕಟ್ಟಡದ ಹಿಂದಿನ ಶೆಡ್ಡಿನಲ್ಲಿ
ಮೂವತ್ತು ವರ್ಷ ಕಾಜಾ ಹೊಲಿದವಳು.
ಬಟ್ಟೆ ನನಗೆ ಗೊತ್ತು ಅಂದುಕೊಂಡೇ ಬಂದೆ.

ಕಲಿಸುವವನು ಕಯೆತಾನ್, ನನ್ನ ಮೊಮ್ಮಗನ ಓರಗೆ,
ಗಡ್ಡದಲ್ಲಿ ಸೀಸದ ಪುಡಿ.
"ಬಟ್ಟೆ ಬರೆಯಬೇಡಿ," ಅಂದ.
"ಅದು ಎಲ್ಲಿಂದ ಜೋತಿದೆ, ಅದನ್ನು ನೋಡಿ.
ಭುಜ ಹಿಡಿದಿದೆ, ಮೊಣಕೈ ತಳ್ಳಿದೆ, ಸೊಂಟ ಹಿಂಡಿದೆ,
ಉಳಿದದ್ದೆಲ್ಲ ಭೂಮಿ ಎಳೆದದ್ದು."

ಎದುರಿಗೆ ಸ್ಟೂಲಿನ ಮೇಲೆ ಜೆನೋನ್,
ಒಂದು ಕಾಲಕ್ಕೆ ಟ್ರಾಮ್ ಓಡಿಸುತ್ತಿದ್ದವನು,
ಗಂಟೆಗಿಷ್ಟು ಎಂದು ಕೂತಿದ್ದಾನೆ, ಸ್ವಂತ ಕೋಟಿನಲ್ಲೇ.
ಹೊಟ್ಟೆಯ ಮೇಲೆ ಉಣ್ಣೆ ಮೂರು ಮಡಿಕೆ;
ಮೊಣಕೈಯ ಒಳಮೂಲೆಗೆ ನೆರಿಗೆಗಳೆಲ್ಲ ಓಡಿ ಬಂದು
ಜಗಳ ನೋಡುವ ಮಕ್ಕಳ ಹಾಗೆ
ಒತ್ತಿಕೊಂಡು ನಿಂತಿವೆ.

ಮೊದಲು ಗಟ್ಟಿ ಪೆನ್ಸಿಲ್ಲು, ಗಾಜಿನ ಮೇಲೆ ಉಸಿರು ಬಿಟ್ಟಷ್ಟು ಹಗುರ.
ಆಮೇಲೆ ಮೆದುವಿನದು, ಕಪ್ಪಿಗೆ.
ಬೆಳಕು ಬೇಕಾದಲ್ಲಿ, ಕಣಕದಂತೆ ನಾದುವ ರಬ್ಬರು.
ಕಾಲರಿನ ಅಂಚಿಗೆ ಎರಡು ಗೆರೆ ಬೇಕಂತೆ:
ಒಂದೇ ಆದರೆ ಕಾಗದ, ಎರಡಾದರೆ ಉಣ್ಣೆ.

ನಾನು ಕಂಡ ಹೊಲಿಗೆಯನ್ನೆಲ್ಲ ಎಣಿಸಿ ಬರೆದೆ.
ತೋಳು ಜರಿಹುಳುವಾಯಿತು.
ಕಯೆತಾನ್ ನಗಲಿಲ್ಲ, ಪಾಪ.
"ಮೂರು ಹಾಕಿ, ಆಮೇಲೆ ಜಾಗ ಬಿಡಿ.
ಮಿಕ್ಕದ್ದನ್ನು ನೋಡುವವರೇ ಹೊಲಿದುಕೊಳ್ಳುತ್ತಾರೆ."
ಮೂವತ್ತು ವರ್ಷ, ಒಂದು ಹೊಲಿಗೆ ತಪ್ಪಿದರೆ
ಕೂಲಿ ಮುರಿಯುತ್ತಿದ್ದರು ನನಗೆ.

ಎರಡನೆಯ ಗುಂಡಿ ಇರಲಿಲ್ಲ.
ಇದ್ದಲ್ಲಿ ಕಂದು ದಾರದ ತುಂಡೆರಡು,
ಇಲಿಮೀಸೆಯಷ್ಟು.
ಕೋಟು ಅಲ್ಲಿ ಬಾಯಿ ಬಿಟ್ಟಿತ್ತು,
ಬಿಟ್ಟ ಬಾಯಿಂದ ಒಂದು ಮಡಿಕೆ ಹೊರಟು
ಕೆಳಗಿನ ಗುಂಡಿಯವರೆಗೆ ಓರೆಯಾಗಿ ಇಳಿದಿತ್ತು.
ಎಲ್ಲರೂ ಅದನ್ನೇ ಬರೆಯುತ್ತಿದ್ದರು, ನಾಲಗೆ ಕಚ್ಚಿಕೊಂಡು.
ನನಗೆ ಕೈ ಬರಲಿಲ್ಲ.
ಬರೆದೆ, ಉಜ್ಜಿದೆ, ಬರೆದೆ,
ಕಾಗದ ಜುಂಗು ಎದ್ದಿತು.

ಚಹಾಕ್ಕೆ ಬಿಡುವು. ಎಲ್ಲರೂ ಕಾರಿಡಾರಿಗೆ.
ನನ್ನ ಚೀಲದಲ್ಲಿ ಸೂಜಿ ಯಾವತ್ತೂ ಇರುತ್ತದೆ,
ಮಾತ್ರೆಯ ಡಬ್ಬಿಯಲ್ಲಿ ಎಂದೋ ಹರಿದ ಅಂಗಿಗಳ ಗುಂಡಿಗಳೂ.
"ಅಲ್ಲಾಡಬೇಡ," ಅಂದೆ.
"ನನಗೆ ದುಡ್ಡು ಕೊಡುವುದೇ ಅದಕ್ಕೆ," ಅಂದ ಜೆನೋನ್.
ನಾಲ್ಕು ಸುತ್ತು, ಅಡಿಯಲ್ಲಿ ದಾರದ ಕತ್ತು ಕಟ್ಟಿ,
ಹಲ್ಲಿನಿಂದ ಕಡಿದೆ.
ಕೋಟಿಗೆ ನುಸಿಗುಳಿಗೆಯ ವಾಸನೆ, ಅದರ ಹಿಂದೆ ಗ್ರೀಸು.

ಬಂದು ಕೂತರು. ಪೆನ್ಸಿಲ್ ಎತ್ತಿದರು. ಇಳಿಸಿದರು.
ಓರೆಮಡಿಕೆ ಎಲ್ಲಿ?
ಎಂಟು ಕಾಗದಗಳಲ್ಲಿ ಇದೆ, ಕೋಟಿನಲ್ಲಿ ಇಲ್ಲ.
ಎದೆ ಸಪಾಟು, ಮದುವೆಗೆ ಹೊರಟವನ ಹಾಗೆ.
ಹಲ್ಲಿನ ಡಾಕ್ಟರು ಲುಡ್ಮಿವಾ ನನ್ನನ್ನೇ ನೋಡಿದಳು.
ಕಯೆತಾನ್ ಬಗ್ಗಿ, ಗುಂಡಿಯನ್ನು ತಿರುಗಿಸಿ,
ಅದರ ಕತ್ತು ನೋಡಿ ಬಹಳ ಹೊತ್ತು ಸುಮ್ಮನಿದ್ದ.
"ಒಳ್ಳೆಯ ಕೆಲಸ," ಅಂದ. ಆಮೇಲೆ ಮೆಲ್ಲಗೆ,
"ಕಿತ್ತುಬಿಡಲೇ?"
"ಮುಟ್ಟಬೇಡಿ!" ಅಂದವನು ಜೆನೋನ್,
ಆ ಸಂಜೆ ಮೊದಲ ಸಲ ಭಂಗಿ ಮುರಿದು.

ಹೀಗಾಗಿ ಉಳಿದವರೆಲ್ಲ ನೆನಪಿನಿಂದ ಮುಗಿಸಿದರು
ಇಲ್ಲದ ಮಡಿಕೆಯನ್ನು.
ನಾನೊಬ್ಬಳು ಗುಂಡಿ ಬರೆದೆ.
ನಾಲ್ಕು ತೂತು, ದಾರದ ಕತ್ತರಿಗುರುತು,
ಅಡಿಯಲ್ಲಿ ಉಗುರಿನಂಚಿನಷ್ಟು ನೆರಳು.
ನೆರಳು ಬಿದ್ದಿದ್ದೇ ಗುಂಡಿ ಕಾಗದ ಬಿಟ್ಟು ಎದ್ದಿತು.
ತೋಳು ಈಗಲೂ ಜರಿಹುಳು, ಮುಖವೋ ಆಲೂಗಡ್ಡೆ,
ಆದರೂ ಲುಡ್ಮಿವಾ ಹಾದುಹೋಗುವಾಗ
ಎರಡು ಬೆರಳು ಚಾಚಿ, ಹಿಡಿಯಲು ಹೋಗಿ,
ನಾಚಿಕೊಂಡು ಹಿಂತೆಗೆದಳು.

ಕೊನೆಗೆ ಕಾಜಾ.
ಮೂರು ಹೊಲಿಗೆ ಹಾಕಿದೆ.
ನಾಲ್ಕನೆಯದಕ್ಕೆ ಬಲಗೈ ತಾನೇ ಹೊರಟಿತು.
ಎಡಗೈಯಿಂದ ಹಿಡಿದು ನಿಲ್ಲಿಸಿದೆ.