ಅಡ್ಡಹೆಸರಿನ ಕಾಲಂ

ಕ್ರಾಫರ್ಡ್ ಹಾಲಿನ ಹಿಂಬದಿ, ವಿದೇಶಿ ವಿದ್ಯಾರ್ಥಿಗಳ ವಿಭಾಗ.
ಫ್ಯಾನು ಹಾಕಿದರೆ ಕಾಗದ ಹಾರುತ್ತವೆ,
ಆರಿಸಿದರೆ ನಾವು ಬೇಯುತ್ತೇವೆ.
ಅವಳ ಅರ್ಜಿಯಲ್ಲಿ ಎಲ್ಲ ತುಂಬಿತ್ತು, ಒಂದು ಮನೆ ಖಾಲಿ.
ಅಡ್ಡಹೆಸರು ಬರೀಮ್ಮ, ಕಂಪ್ಯೂಟರ್ ಒಪ್ಪಲ್ಲ, ಅಂದೆ.
ನಮ್ಮಲ್ಲಿ ಅದು ಇಲ್ಲ, ಅಂದಳು.

ನಾಲ್ಕು ವರ್ಷದ ಮೈಸೂರು ಅವಳಿಗೆ ಅರ್ಧ ಕನ್ನಡ ಕೊಟ್ಟಿದೆ.
ಉಳಿದರ್ಧಕ್ಕೆ ಇಬ್ಬರ ಮುರುಕು ಇಂಗ್ಲಿಷು.
ಹಿರುತ್ ನಾನು.
ಬೆಕೆಲೆ ನಮ್ಮಪ್ಪ.
ದೆಸ್ತಾ ಅವರಪ್ಪ. ಅಲ್ಲಿಗೆ ಪಾಸ್‌ಪೋರ್ಟು ಮುಗೀತು.
ಅಮ್ಮನ ಹಿಂದೆ ಅಮ್ಮನ ಅಪ್ಪ ಇದ್ದಾರೆ,
ಮದುವೆಯಾದರೂ ಜಾಗ ಬಿಟ್ಟಿಲ್ಲ.

ಬೆಕೆಲೆ ಅಂದರೆ?
ಪದ ಹುಡುಕಿದಳು. ಸಿಗಲಿಲ್ಲ. ಕಿಟಕಿ ಕಡೆ ಕೈ ತೋರಿಸಿದಳು:
ಹಿಡಿ ಮುರಿದ ಮಗ್ಗಿನಲ್ಲಿ ಜವಾನ ರಾಚಪ್ಪ ಎರಚಿದ್ದ ಮೆಂತ್ಯ
ಮಣ್ಣನ್ನು ತಲೆಯ ಮೇಲೆ ಹೊತ್ತುಕೊಂಡೇ ಎದ್ದಿತ್ತು.
ಮೊಳೆತ?
ಹೌದು, ಮೊಳೆತ.
ಮೊಳೆಯಲಿ ಎಂಬ ಹರಕೆಯಲ್ಲ,
ಮೊಳೆತೇಬಿಟ್ಟ ಎಂಬ ಸುದ್ದಿ.
ಅಜ್ಜಿಗೆ ಮೂರು ಬಿತ್ತನೆ ಹಾಳಾಗಿ ನಾಲ್ಕನೆಯದು ನಿಂತಾಗ
ಊರಿಗೆ ಕೂಗಿ ಹೇಳಿದ್ದೇ ಹೆಸರಾಯಿತಂತೆ.

ನಮ್ಮ ದೊಡ್ಡಪ್ಪನನ್ನು ಹುಟ್ಟಿದೊಡನೆ ತಿಪ್ಪೆಗೆ ಹಾಕಿ
ಮತ್ತೆ ಎತ್ತಿಕೊಂಡರಂತೆ, ಸಾವಿಗೆ ಅಸಹ್ಯವಾಗಲಿ ಎಂದು.
ತಿಪ್ಪಯ್ಯ. ಎಂಬತ್ತೆಂಟು ಬದುಕಿದ.
ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಲಿ, ಸುಮ್ಮನಾದೆ.

ಕುತೂಹಲಕ್ಕೆ ಕಂಪ್ಯೂಟರಿನಲ್ಲಿ ಹುಡುಕಿದೆ.
ಲೋಕದಲ್ಲಿ ಬೆಕೆಲೆಗಳು ಎಷ್ಟೋ ಲಕ್ಷ,
ಕೊನೆಯ ಒಂದಂಕಿಯನ್ನೂ ಬಿಡದೆ ಬರೆದಿತ್ತು.
ನೋಡು, ನಿನ್ನ ಬಳಗ!
ಹಿರುತ್ ಬಾಯಿಗೆ ಶಾಲು ಒತ್ತಿ ನಕ್ಕಳು.
ಅಷ್ಟೂ ಜನ ನನಗೆ ಏನೂ ಅಲ್ಲ ಮೇಡಂ.
ಅಪ್ಪಂದಿರ ಹೆಸರು ಒಂದೇ, ಅಷ್ಟೆ.
ಅಣ್ಣ ಯೋನಾಸ್ ಈ ಲೆಕ್ಕದಲ್ಲಿದ್ದಾನೆ, ನಾನೂ ಇದ್ದೇನೆ.
ಅಣ್ಣನ ಮಗ ಇಲ್ಲ. ಅವನು ಯೋನಾಸರ ಲೆಕ್ಕ.
ನಮ್ಮಪ್ಪ ಮಕ್ಕಳ ಜೊತೆ ಬಂದು
ಮೊಮ್ಮಕ್ಕಳ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ಹೊರಡುತ್ತಾರೆ.

ನಮ್ಮೂರ ಜನಗಣತಿ ನನಗೂ ಗೊತ್ತು.
ಬೋರಯ್ಯ ಎಂಬವರು ಹನ್ನೊಂದು ಮಂದಿ:
ಪಂಪ್‌ಸೆಟ್ ಬೋರಯ್ಯ, ಮೇಗಲಕೇರಿ ಬೋರಯ್ಯ,
ಎರಡು ಹೆಂಡಿರ ಬೋರಯ್ಯ, ಬರೀ ಬೋರಯ್ಯ...
ನಮ್ಮಪ್ಪ ಆಲೆಮನೆ ಬೋರಯ್ಯ.
ಕೊಪ್ಪರಿಗೆಯ ಹಬೆಯಲ್ಲಿ ಮುಖವೇ ಕಾಣದೆ
ಕೆಮ್ಮಿನಿಂದ ಗುರುತು ಹಿಡಿಯುತ್ತಿದ್ದೆವು.

ನಾನು ಎಚ್.ಬಿ. ಜಯಶೀಲ.
ಎಚ್ ಹುಲಿಕೆರೆ, ಬಿ ಅಪ್ಪ.
ಒಂದು ಚುಕ್ಕೆಯ ಹಿಂದೆ ಊರು, ಒಂದು ಚುಕ್ಕೆಯ ಹಿಂದೆ ಮನುಷ್ಯ,
ಹಾಗೇ ನೆಮ್ಮದಿಯಾಗಿದ್ದರು.
ಆಮೇಲೆ ಪಾನ್ ಕಾರ್ಡು ಬಂತು, ಬಿಡಿಸಿ ಬರೆಯಿರಿ ಅಂದರು.
ಈಗ ಬ್ಯಾಂಕಿನ ಹುಡುಗ ಫೋನು ಮಾಡಿ
ಬೋರಯ್ಯ ಮೇಡಮ್ಮಾ, ಎನ್ನುತ್ತಾನೆ. ಹೂಂ ಅನ್ನುತ್ತೇನೆ.
ಅಪ್ಪ ಹೋಗಿ ಒಂಬತ್ತು ವರ್ಷ.
ಸಾಲ ಬೇಕೇ ಎಂದು ಕೇಳುತ್ತಾನೆ, ಅಪ್ಪನನ್ನೇ ಕೇಳಿದಂತೆ.
ಬೇಡಪ್ಪ, ಸಾಕು, ಎಂದು
ಅವನ ಪರವಾಗಿ ನಾನೇ ಹೇಳಿ ಇಡುತ್ತೇನೆ.

ಖಾಲಿ ಮನೆಯಲ್ಲಿ ಬೆಕೆಲೆ ಎಂದು ಒತ್ತಿದೆ.
ಗುರುತಿನ ಚೀಟಿ ಹೊರಬಂತು, ಬೆಚ್ಚಗೆ:
ಅಪ್ಪ ಮುಂದೆ, ಮಗಳು ಹಿಂದೆ,
ನಡುವೆ ದಾಟಲಿಕ್ಕೆ ಒಂದು ಅಲ್ಪವಿರಾಮ.

ಬಾಗಿಲ ಹತ್ತಿರ ತಿರುಗಿದಳು.
ನಿಮ್ಮಪ್ಪನ ಹೆಸರಿಗೆ ಅರ್ಥ?
ಬೋರೆ ಅಂದರೆ ದಿಬ್ಬ. ನಾಲೆ ನೀರು ಹತ್ತದ ಜಾಗ.
ಸುತ್ತ ಕಬ್ಬಿದ್ದರೂ ಅಲ್ಲಿ ರಾಗಿಯೇ ಚೆಲ್ಲಬೇಕು,
ಚೆಲ್ಲಿ ಆಕಾಶ ನೋಡಬೇಕು.
ಅಂಥ ದಿಬ್ಬ ಅವಳಿಗೂ ಗೊತ್ತಿತ್ತೇನೋ,
ಒಂದು ಗಳಿಗೆ ನಿಂತಳು.
ಬೆಕೆಲೆ? ಅಂದಳು,
ಅಪ್ಪನ ಹೆಸರಿನ ತುದಿಯನ್ನು ಪ್ರಶ್ನೆಯಾಗಿ ಎತ್ತಿ.

ಹೂಂ ಕಣೆ, ಅಂದೆ.
ಈ ಸಲ ಪರವಾಗಿಲ್ಲ.