ಚೀಟಿ ಹಚ್ಚುವವಳು

ವಾಶಿಯ ಶೀತಲ ಕೋಣೆಯಲ್ಲಿ
ಮೇ ತಿಂಗಳಲ್ಲೂ ನನಗೆ ಸ್ವೆಟರು.
ಬ್ಲೂಬೆರಿ ಡಬ್ಬಿಗಳಿಗೆ ಬೆಲೆಚೀಟಿ ಹಚ್ಚುತ್ತೇನೆ.

ಗಣಪತಿ ಕೂತಾಗ ಪೆರು
(ಬಜಾರಿನಲ್ಲಿ ಅದು ಪೇರಲ, ಡಬ್ಬಿಯ ಮೇಲೆ ದೇಶ),
ಸಂಕ್ರಾಂತಿ ಎಳ್ಳಿನ ಹೊತ್ತಿಗೆ ಚಿಲಿ,
ಹೋಳಿಯ ಬಣ್ಣ ಆರುವಾಗ ಮೊರಾಕ್ಕೊ,
ಆಷಾಢದಲ್ಲಿ ಪೋಲೆಂಡು.
ಓದಲು ಕಲಿಸಿದವನು ಟೆಂಪೊ ಹೊಡೆಯುವ ತುಳಜಪ್ಪ.
ಎಲ್ಲೋ ಒಂದು ಕಡೆ ಸುಗ್ಗಿ ಇದ್ದೇ ಇರುತ್ತದಂತೆ,
ಭೂಮಿ ಅಷ್ಟು ದೊಡ್ಡದಂತೆ.

ಒಡೆದ ಡಬ್ಬಿಯೊಂದನ್ನು ಮನೆಗೆ ಒಯ್ದೆ.
ಮಗಳು ತಿಂದು ಕನ್ನಡಿಗೆ ನಾಲಿಗೆ ಚಾಚಿದಳು:
"ಬಣ್ಣಾನೇ ಹತ್ತಲಿಲ್ಲ, ಅವ್ವಾ."

ನಾಳೆ ಸ್ಟೇಶನ್ನಿನ ಹೊರಗೆ
ಕರ್ಜತ್ತಿನ ಬುಧೀಬಾಯಿ
ಎಲೆಯ ದೊನ್ನೆಯಲ್ಲಿ ನೇರಳೆ ಇಟ್ಟು ಕೂರುತ್ತಾಳೆ.
ಹದಿನೈದೇ ದಿನ.
ಮಳೆ ಜೋರಾದರೆ ಅದೂ ಇಲ್ಲ.

ಸೆರಗಿಗೆ ಉಪ್ಪು ಕಟ್ಟಿಕೊಂಡಿದ್ದೇನೆ.